ಮುಂದಿನವರ ಗಾಲಿ

ಎಲ್ಲರಿಗೂ ನಮಸ್ಕಾರ. ಒಂದು ಸದ್ದಿನಿಂದ ಶುರು ಮಾಡುತ್ತೇನೆ.

ನೀವು ರಸ್ತೆಯ ಒಂದು ತಿರುವಿನಲ್ಲಿ ನಿಂತಿದ್ದೀರಿ ಅಂದುಕೊಳ್ಳಿ. ರಸ್ತೆ ಖಾಲಿ. ಒಂದು ಮೋಟಾರ್ ಬೈಕ್ ಬಂದು ಹೋಗುತ್ತದೆ. ಹಿಂದೆ ಕೂತವರು ಕೈ ಬೀಸಿ ಜನರನ್ನು ಪಕ್ಕಕ್ಕೆ ಸರಿಸುತ್ತಾರೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಜೇನುಗೂಡು ಕದಡಿದ ಹಾಗೆ ಗುಂಯ್ ಅನ್ನುವ ಸದ್ದು. ಐವತ್ತು ಸೈಕಲ್‌ಗಳ ಚೈನು, ಟೈರು ಸೇರಿ ಹುಟ್ಟುವ ಸದ್ದು ಅದು. ತಿರುವು ಹತ್ತಿರವಾದಾಗ ಎಲ್ಲರೂ ಪೆಡಲ್ ತುಳಿಯುವುದನ್ನು ನಿಲ್ಲಿಸುತ್ತಾರೆ. ಫ್ರೀವೀಲ್‌ಗಳೆಲ್ಲ ಒಟ್ಟಿಗೆ ಚರಚರ ಅನ್ನುತ್ತವೆ. ತಿರುವು ದಾಟಿದ ಕೂಡಲೇ ಚರಚರ ನಿಂತು, ಟಕ್ ಟಕ್ ಅಂತ ಗೇರ್ ಬೀಳುತ್ತವೆ. ಕೊನೆಗೆ ನಿಮ್ಮ ಮುಖಕ್ಕೆ ಗಾಳಿ ಬಡಿಯುತ್ತದೆ. ಗುಂಪು ತನ್ನ ಜೊತೆ ಎಳೆದುಕೊಂಡು ಬಂದ ಗಾಳಿ. ಅಷ್ಟರಲ್ಲಿ ಅವರು ಹೋಗಿ ಆಯಿತು. ಎಲ್ಲಾ ಸೇರಿ ಹತ್ತು ಸೆಕೆಂಡ್.

ಮೊದಲ ಸಲ ರೇಸ್ ನೋಡಲು ಬಂದವರು ಆಗ ನನ್ನ ಕಡೆ ತಿರುಗಿ ಕೇಳುತ್ತಾರೆ, "ಅಷ್ಟೇನಾ?"

ಇವತ್ತು ನಾನು ಹೇಳುವುದೆಲ್ಲ ಆ ಪ್ರಶ್ನೆಗೆ ಉತ್ತರ. ಆ ಹತ್ತು ಸೆಕೆಂಡಿನಲ್ಲಿ ನನಗೂ ಮೊದಮೊದಲು ಏನೂ ಕಾಣುತ್ತಿರಲಿಲ್ಲ. ಈಗ ಒಂದು ಕಥೆಯೇ ಕಾಣುತ್ತದೆ. ಹಾಗೆ ನೋಡುವುದನ್ನು ನಾನು ಕಲಿತದ್ದು ರೇಸ್ ಓಡಿಸಿ, ಹಿಂದೆ ಬಿದ್ದು, ರಸ್ತೆ ಬದಿಗೆ ಬಂದು ನಿಂತು.

ನಾನು ಹವ್ಯಾಸಿ. ಕೆಲಸ ಮುಗಿಸಿ, ಬೆಳಗ್ಗೆ ಬೇಗ ಎದ್ದು, ಸಿಕ್ಕ ಸಮಯದಲ್ಲಿ ತುಳಿಯುವ ಮನುಷ್ಯ. ಇದುವರೆಗೆ ಒಂದು ರೇಸೂ ಗೆದ್ದಿಲ್ಲ. ಆರನೇ ಸ್ಥಾನ ಒಮ್ಮೆ ಬಂದಿದೆ. ಆ ದಿನದ ನಂಬರ್ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ, ನಾಲ್ಕು ಪಿನ್ನು ಸಮೇತ.

ಮೊದಲು ಗಾಳಿಯ ವಿಷಯ ಹೇಳಬೇಕು. ಅದು ಗೊತ್ತಾಗದೆ ಸೈಕಲ್ ರೇಸ್ ಅರ್ಥವೇ ಆಗುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವಾಗ ನಮ್ಮ ಶಕ್ತಿಯಲ್ಲಿ ಹೆಚ್ಚುಕಮ್ಮಿ ಶೇ 80ರಿಂದ 90ರಷ್ಟು ಗಾಳಿಯನ್ನು ಸೀಳುವುದಕ್ಕೇ ಖರ್ಚಾಗುತ್ತದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ಅದನ್ನು ದಾಟಲು ಬೇಕಾದ ಶಕ್ತಿ ಎಂಟು ಪಟ್ಟು. 30ರಿಂದ 40ಕ್ಕೆ ಹೋಗಬೇಕು ಅಂದರೆ ಗಾಳಿಗೆ ಕೊಡುವ ಶಕ್ತಿ ಎರಡು ಪಟ್ಟು ದಾಟುತ್ತದೆ. ಕೇಳಲು ಬರೀ ಹತ್ತು ಕಿಲೋಮೀಟರ್, ಅಲ್ವಾ? ಕಾಲಿಗೆ ಗೊತ್ತು ಅದರ ಬೆಲೆ.

ಈಗ ಇನ್ನೊಬ್ಬರ ಹಿಂದಿನ ಗಾಲಿಗೆ ಒಂದು ಗೇಣು ದೂರದಲ್ಲಿ ನಿಮ್ಮ ಮುಂದಿನ ಗಾಲಿ ಇಡಿ. ಅಲ್ಲಿ ಗಾಳಿ ಮರೆ ಸಿಗುತ್ತದೆ. ಅದೇ ವೇಗ, ಆದರೆ ಮೂರರಲ್ಲಿ ಒಂದು ಪಾಲು ಶಕ್ತಿ ಉಳಿತಾಯ ಆಗುತ್ತದೆ. ದೊಡ್ಡ ಗುಂಪಿನ ಹೊಟ್ಟೆಯೊಳಗೆ ಸೇರಿಕೊಂಡರೆ ಇನ್ನೂ ಜಾಸ್ತಿ. 2018ರಲ್ಲಿ ಗಾಳಿಯ ಹರಿವನ್ನು ಅಧ್ಯಯನ ಮಾಡುವ ವಿಜ್ಞಾನಿ ಬರ್ಟ್ ಬ್ಲಾಕನ್ ಮತ್ತು ಅವರ ಜೊತೆಯವರು 121 ಸವಾರರ ಗುಂಪಿನ ಮಾದರಿ ಮಾಡಿ, ಗಾಳಿ ಸುರಂಗದಲ್ಲೂ ಕಂಪ್ಯೂಟರಿನಲ್ಲೂ ಅಳೆದು ನೋಡಿದರು. ಗುಂಪಿನ ಒಳಗೆ ಕೆಲವು ಜಾಗಗಳಲ್ಲಿ ಗಾಳಿಯ ತಡೆ, ಒಬ್ಬರೇ ಹೋಗುವಾಗ ಇರುವುದರ ಶೇ 5ರಿಂದ 10ಕ್ಕೆ ಇಳಿಯುತ್ತದೆ ಅಂತ ಅವರಿಗೆ ಸಿಕ್ಕಿತು. ಗುಂಪಿನ ಒಳಗಿದ್ದವರಿಗೆ ಇದು ಹೊಸ ಸುದ್ದಿ ಅಲ್ಲ. ಅಲ್ಲಿ ಕೆಲವೊಮ್ಮೆ ಪೆಡಲ್ ತುಳಿಯದೆ ಸುಮ್ನೆ ತೇಲಿಕೊಂಡು ಹೋಗಬಹುದು. ಅಂಕಿ ನೋಡಿದ ಮೇಲೆ ಅದು ಯಾಕೆ ಅಂತ ಗೊತ್ತಾಯಿತು.

ಗಾಳಿ ಎಷ್ಟು ನಿರ್ದಾಕ್ಷಿಣ್ಯ ಅಂತ ತೋರಿಸಲು ಒಂದೇ ಉದಾಹರಣೆ ಸಾಕು. 1989ರ ಟೂರ್ ಡಿ ಫ್ರಾನ್ಸ್, ಫ್ರಾನ್ಸಿನಲ್ಲಿ ಮೂರು ವಾರ ನಡೆಯುವ ದೊಡ್ಡ ರೇಸ್. ಕೊನೆಯ ದಿನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಟೈಮ್ ಟ್ರಯಲ್. ಅಂದರೆ ಪ್ರತಿಯೊಬ್ಬರೂ ಒಂಟಿಯಾಗಿ ಓಡಿಸಬೇಕು, ಯಾರ ಮರೆಯೂ ಇಲ್ಲ. ಅದುವರೆಗಿನ ಒಟ್ಟು ಸಮಯದಲ್ಲಿ ಫ್ರಾನ್ಸಿನ ಲೊರಾಂ ಫಿನ್ಯೋ 50 ಸೆಕೆಂಡ್ ಮುಂದಿದ್ದರು. ತಲೆಗೆ ಹೆಲ್ಮೆಟ್ ಇಲ್ಲ, ಕೂದಲಿಗೆ ಜುಟ್ಟು. ಎರಡನೇ ಸ್ಥಾನದಲ್ಲಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ ನೀರಿನ ಹನಿಯ ಆಕಾರದ ಹೆಲ್ಮೆಟ್ ಹಾಕಿ, ಮುಂದಕ್ಕೆ ಚಾಚಿದ ಹೊಸ ಹ್ಯಾಂಡಲ್ ಮೇಲೆ ಮೊಣಕೈ ಊರಿ, ಬೆನ್ನು ಚಪ್ಪಟೆ ಮಾಡಿಕೊಂಡು ಹೋದರು. ಮೂರು ವಾರ, 3,200 ಕಿ.ಮೀ.ಗೂ ಜಾಸ್ತಿ ದೂರ ಆದ ಮೇಲೆ ಲೆಮಾಂಡ್ ಗೆದ್ದದ್ದು 8 ಸೆಕೆಂಡಿನಿಂದ. ಜುಟ್ಟೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಲೆಮಾಂಡ್ ಆ ದಿನ ಅದ್ಭುತವಾಗಿ ತುಳಿದರು. ಆದರೆ ಆ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದವರು ಗಾಳಿಯನ್ನು ಮರೆಯುವುದಿಲ್ಲ.

ಇದೆಲ್ಲ ಓದಿಕೊಂಡೇ ನಾನು ನನ್ನ ಮೊದಲ ರೇಸಿಗೆ ಹೋದೆ. ಚಿಕ್ಕ ಸುತ್ತಿನ ರೇಸ್ ಅದು. ಕ್ರೈಟೀರಿಯಂ ಅನ್ನುತ್ತಾರೆ. ಒಂದೇ ಕಿಲೋಮೀಟರಿನ ಸುತ್ತು, ನಾಲ್ಕು ತಿರುವು, 40 ಸುತ್ತು. ಸೀಟಿ ಊದಿದ ಕೂಡಲೇ ಎಲ್ಲರ ಶೂ ಪೆಡಲ್‌ಗೆ ಕಚ್ಚಿಕೊಳ್ಳುವ ಟಕ್ ಅನ್ನುವ ಸದ್ದು ಒಟ್ಟಿಗೆ ಕೇಳಿತು. ಆ ಸದ್ದಿಗೆ ಇವತ್ತಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ.

ಮೊದಲ ನಾಲ್ಕು ಸುತ್ತು ನಾನೇ ಮುಂದೆ. ಯಾರೂ ನನ್ನನ್ನು ದಾಟಲಿಲ್ಲ. ನಾನು ಗಟ್ಟಿ ಇದ್ದೇನೆ ಅಂದುಕೊಂಡೆ. ಐದನೇ ಸುತ್ತಿನ ಎರಡನೇ ತಿರುವು ದಾಟಿದ ಮೇಲೆ ಎಡಗಡೆಯಿಂದ ಒಬ್ಬರು ಎದ್ದು ನಿಂತು ತುಳಿದರು. ಅವರ ಹಿಂದೆ ಇನ್ನೊಬ್ಬರು, ಅವರ ಹಿಂದೆ ಹತ್ತು ಜನ. ನಾನು ಎದ್ದು ನಿಂತೆ, ಕಾಲಿನಲ್ಲಿ ಏನೂ ಇರಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಪಕ್ಕದಿಂದ ಹೋದರು. ಕೊನೆಯವರ ಹಿಂದಿನ ಗಾಲಿ ಹಿಡಿದೆ. ಆ ಗಾಲಿ ನನ್ನಿಂದ ಒಂದು ಗೇಣು ದೂರ ಇತ್ತು. ಆಮೇಲೆ ಒಂದು ಮೊಳ. ಆಮೇಲೆ ಒಂದು ಸೈಕಲ್ ಉದ್ದ. ನನ್ನ ಕಣ್ಣು ಆ ಟೈರಿನ ಮೇಲೇ ಇತ್ತು, ಅದರ ಅಂಚಿನಲ್ಲಿ ಅಂಟಿದ್ದ ಒಂದು ಒದ್ದೆ ಎಲೆಯ ಚೂರು ತಿರುಗುವುದು ಕಾಣುತ್ತಿತ್ತು. ಮೂರು ಸೈಕಲ್ ಉದ್ದ ಆದಾಗ ಎಲೆ ಕಾಣಲಿಲ್ಲ. ಆಗ ಗಾಳಿ ಬಂತು. ಅದುವರೆಗೆ ಯಾರೋ ಹಿಡಿದುಕೊಂಡಿದ್ದ ಬಾಗಿಲನ್ನು ಬಿಟ್ಟುಬಿಟ್ಟ ಹಾಗೆ ಎದೆಗೆ ಬಂದು ಬಡಿಯಿತು.

ಇದಕ್ಕೆ ನಾವು ಡ್ರಾಪ್ ಆಗುವುದು ಅನ್ನುತ್ತೇವೆ. ಗುಂಪಿನಲ್ಲಿ ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವೆ ಇರುವುದು ಅಷ್ಟೇ ಜಾಗ, ಒಂದು ಗೇಣಿನಿಂದ ಮೂರು ಸೈಕಲ್ ಉದ್ದ. ಹತ್ತು ಸೆಕೆಂಡ್ ಇನ್ನೂ ಸ್ವಲ್ಪ ಸಂಕಟ ತಡೆದುಕೊಂಡಿದ್ದರೆ ಮುಂದಿನ ತಿರುವಿನಲ್ಲಿ ಗುಂಪು ನಿಧಾನ ಆಗುತ್ತಿತ್ತು, ನಾನು ಉಳಿಯುತ್ತಿದ್ದೆ. ರೇಸ್ ಓಡಿಸುವ ಪ್ರತಿಯೊಬ್ಬರಿಗೂ ಇಂಥ ಒಂದು ಹತ್ತು ಸೆಕೆಂಡ್ ನೆನಪಿರುತ್ತದೆ.

ಗುಂಪು ಒಂದು ಸುತ್ತು ಮುಂದಾಗಿ ನನ್ನನ್ನು ಹಿಂದಿನಿಂದ ಬಂದು ಹಿಡಿಯಿತು. ಇಂಥ ರೇಸಿನಲ್ಲಿ ಹಾಗೆ ಆದವರನ್ನು ಸಾಮಾನ್ಯವಾಗಿ ಕೆಳಗಿಳಿಸುತ್ತಾರೆ. ನನ್ನನ್ನೂ ಇಳಿಸಿದರು. ಮನೆಗೆ ಹೋಗಲು ಮನಸ್ಸು ಬರಲಿಲ್ಲ. ಎರಡನೇ ತಿರುವಿಗೆ ನಡೆದು ಹೋಗಿ, ಹಗ್ಗದ ಈಚೆ ನಿಂತೆ. ನೋಡುವುದನ್ನು ಕಲಿತದ್ದು ಅಲ್ಲಿ.

ಏನು ನೋಡಿದೆ ಅಂದರೆ, ಮುಂದಿದ್ದ ಐದಾರು ಜನ ಆ ತಿರುವಿನಲ್ಲಿ ಬ್ರೇಕನ್ನೇ ಮುಟ್ಟುತ್ತಿರಲಿಲ್ಲ. ಹೊರಗಿನಿಂದ ಬಂದು, ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಹೋಗುತ್ತಿದ್ದರು. ಹತ್ತನೆಯವರು ಸ್ವಲ್ಪ ಬ್ರೇಕ್ ಹಿಡಿಯುತ್ತಿದ್ದರು. ಇಪ್ಪತ್ತನೆಯವರು ಜಾಸ್ತಿ. ಕೊನೆಯವರು ಹೆಚ್ಚುಕಮ್ಮಿ ನಿಂತೇಬಿಡುತ್ತಿದ್ದರು, ಆಮೇಲೆ ಎದ್ದು ಪ್ರಾಣ ಹೋಗುವ ಹಾಗೆ ತುಳಿದು ಗುಂಪು ಸೇರುತ್ತಿದ್ದರು. ಹಾರ್ಮೋನಿಯಂ ತಿದಿ ಮುಚ್ಚಿ ತೆರೆದ ಹಾಗೆ ಗುಂಪು ಕುಗ್ಗುತ್ತಿತ್ತು, ಹಿಗ್ಗುತ್ತಿತ್ತು. ಲೆಕ್ಕ ಹಾಕಿ. ನಾಲ್ಕು ತಿರುವು, 40 ಸುತ್ತು. ಹಿಂದೆ ಇದ್ದವರಿಗೆ 160 ಸಲ ಆ ಓಟ. ಮುಂದೆ ಇದ್ದವರಿಗೆ ಅದು ಇಲ್ಲವೇ ಇಲ್ಲ. ಹಾಗಂತ ತೀರಾ ಮುಂದೆ ಹೋದರೆ ಗಾಳಿ ತಿನ್ನುತ್ತದೆ, ನನಗೆ ಆದ ಹಾಗೆ. ಮುಂದಿನಿಂದ ಮೂರನೇ ಗಾಲಿ, ನಾಲ್ಕನೇ ಗಾಲಿ, ಅದೇ ಸಿಂಹಾಸನ. ಆ ಜಾಗಕ್ಕಾಗಿಯೇ ಎಲ್ಲರೂ ಇಡೀ ಹೊತ್ತು ಮೊಣಕೈ ತಾಗಿಸಿಕೊಂಡು, ಬಾಯಿಬಿಟ್ಟು ಒಂದು ಮಾತೂ ಆಡದೆ ಪೈಪೋಟಿ ಮಾಡುತ್ತಿರುತ್ತಾರೆ. ಹೊರಗಿನಿಂದ ನೋಡಿದವರಿಗೆ ಎಲ್ಲರೂ ಸುಮ್ನೆ ಜೊತೆಯಲ್ಲಿ ಹೋಗುತ್ತಿದ್ದಾರೆ ಅನ್ನಿಸುತ್ತದೆ.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ. ಬ್ರೇಕ್‌ಅವೇ. ನಾಲ್ಕು ಜನ ಗುಂಪಿನಿಂದ ತಪ್ಪಿಸಿಕೊಂಡು ಮುಂದೆ ಹೋಗುತ್ತಾರೆ. ಒಬ್ಬರಿಗೊಬ್ಬರು ಪರಿಚಯವೇ ಇರಬೇಕಾಗಿಲ್ಲ. ಎಲ್ಲರಿಗೂ ಗೆಲ್ಲುವ ಆಸೆ. ಆದರೆ ಒಬ್ಬರೇ ಹೋದರೆ ಗಾಳಿ ಬಿಡುವುದಿಲ್ಲ. ಅದಕ್ಕೆ ಸರದಿ. ಒಬ್ಬರು ಅರ್ಧ ನಿಮಿಷ ಮುಂದೆ ನಿಂತು ಗಾಳಿ ತಡೆಯುತ್ತಾರೆ, ಮೊಣಕೈ ಒಮ್ಮೆ ಅಲುಗಿಸಿ ಪಕ್ಕಕ್ಕೆ ಸರಿಯುತ್ತಾರೆ, ಮುಂದಿನವರು ಬರುತ್ತಾರೆ. ಮುಕ್ಕಾಲು ಗಂಟೆ ಹೀಗೆ ಒಬ್ಬರನ್ನೊಬ್ಬರು ಕಾಪಾಡಿಕೊಂಡು ಹೋಗುತ್ತಾರೆ. ಕೊನೆಯ 200 ಮೀಟರಿನಲ್ಲಿ ಅದೇ ನಾಲ್ವರು ಎದುರಾಳಿಗಳು. ಇಂಥ ಒಂದು ಒಪ್ಪಂದ ಬೇರೆ ಯಾವ ಆಟದಲ್ಲೂ ನಾನು ನೋಡಿಲ್ಲ. ಬರೆದುಕೊಟ್ಟಿಲ್ಲ, ಮಾತಾಡಿಲ್ಲ. ಆ ಮೊಣಕೈ ಅಲುಗಾಟ ಅಷ್ಟೇ.

ಶುರುವಿನ ವರ್ಷಗಳಲ್ಲಿ ಆಯೋಜಕರಿಗೆ ಇದು ಇಷ್ಟ ಇರಲಿಲ್ಲ. 1903ರಲ್ಲಿ ಟೂರ್ ಡಿ ಫ್ರಾನ್ಸ್ ಶುರು ಮಾಡಿದ ಆಂರಿ ದೆಗ್ರಾಂಜ್‌ಗೆ ಪ್ರತಿಯೊಬ್ಬ ಸವಾರನೂ ತನ್ನ ಸ್ವಂತ ಬಲದಿಂದಲೇ ಗೆಲ್ಲಬೇಕು ಅನ್ನುವ ಹಟ. ಹೊರಗಿನ ಸಹಾಯ ಅಂತೂ ಕೂಡದು. 1913ರಲ್ಲಿ ಯುಜೀನ್ ಕ್ರಿಸ್ಟೋಫ್ ಅವರ ಸೈಕಲ್ಲಿನ ಮುಂದಿನ ಫೋರ್ಕ್ ತೂರ್ಮಾಲೆ ಬೆಟ್ಟ ಇಳಿಯುವಾಗ ಮುರಿಯಿತು. ಸೈಕಲ್ ಹೊತ್ತುಕೊಂಡು ಕಿಲೋಮೀಟರ್‌ಗಟ್ಟಲೆ ಬೆಟ್ಟ ಇಳಿದು, ಕೆಳಗಿನ ಹಳ್ಳಿಯ ಕುಲುಮೆಯಲ್ಲಿ ತಾವೇ ಬೆಸೆದುಕೊಂಡರು. ತಿದಿ ಒತ್ತಲು ಒಬ್ಬ ಹುಡುಗ ಕೈ ಜೋಡಿಸಿದ. ಅದಕ್ಕೂ ಅವರಿಗೆ ದಂಡ ಬಿತ್ತು, ಸಮಯದ ರೂಪದಲ್ಲಿ. ನನಗೆ ಕ್ರಿಸ್ಟೋಫ್ ಬಗ್ಗೆ ಅಪಾರ ಗೌರವ, ಆ ನಿಯಮದ ಬಗ್ಗೆ ಇಲ್ಲ. ಸವಾರರು ಒಬ್ಬರ ಹಿಂದೆ ಒಬ್ಬರು ಸೇರುವುದನ್ನು ತಪ್ಪಿಸಲು ದೆಗ್ರಾಂಜ್ ಏನೇನೋ ಮಾಡಿ ನೋಡಿದರು. ಗಾಳಿಯ ಮುಂದೆ ಅದು ನಡೆಯಲಿಲ್ಲ.

ಒಂಟಿಯಾಗಿ ಹೋಗಿ ಗೆದ್ದವರು ಇಲ್ಲವೇ ಅಂದರೆ, ಇದ್ದಾರೆ. ಹವ್ಯಾಸಿಗಳಾದ ನಾವು ಮರೆಯಲಾಗದ ಒಬ್ಬರು ಇದ್ದಾರೆ. ಆಸ್ಟ್ರಿಯಾದ ಆನಾ ಕೀಸನ್‌ಹೋಫರ್. ಗಣಿತದಲ್ಲಿ ಡಾಕ್ಟರೇಟ್ ಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ಗೆ ಬಂದಾಗ ಯಾವ ವೃತ್ತಿಪರ ತಂಡದ ಕರಾರೂ ಇರಲಿಲ್ಲ. 2021ರ ಜುಲೈ 25, ಮಹಿಳೆಯರ ರೋಡ್ ರೇಸ್, 137 ಕಿ.ಮೀ. ಬಾವುಟ ಬೀಸಿದ ಕೂಡಲೇ ಮುಂದೆ ನುಗ್ಗಿದರು. ಜೊತೆಗೆ ನಾಲ್ವರು ಸೇರಿದರು. ಕೊನೆಗೆ ಸುಮಾರು 40 ಕಿ.ಮೀ. ಬಾಕಿ ಇರುವಾಗ ಎಲ್ಲರನ್ನೂ ಬಿಟ್ಟು ಒಬ್ಬರೇ ಹೋದರು. ಒಲಿಂಪಿಕ್ಸ್‌ನಲ್ಲಿ ಸವಾರರ ಕಿವಿಗೆ ರೇಡಿಯೊ ಇಲ್ಲ. ಹಿಂದಿನ ಗುಂಪಿನವರು, ಆ ನಾಲ್ವರಲ್ಲಿ ಇನ್ನೂ ಮುಂದೆ ಉಳಿದಿದ್ದ ಇಬ್ಬರನ್ನು ಹಿಡಿದು, ಎಲ್ಲರನ್ನೂ ಹಿಡಿದೆವು ಅಂದುಕೊಂಡರು. ಇನ್ನೂ ಒಬ್ಬರು ಮುಂದಿರುವುದು ಲೆಕ್ಕಕ್ಕೇ ಬರಲಿಲ್ಲ. ಕೀಸನ್‌ಹೋಫರ್ ಗೆರೆ ದಾಟಿ 75 ಸೆಕೆಂಡ್ ಆದ ಮೇಲೆ ನೆದರ್ಲೆಂಡ್ಸ್‌ನ ಅನ್ನಮೀಕ್ ವಾನ್ ಫ್ಲ್ಯೂಟನ್ ಬಂದು, ತಾವೇ ಗೆದ್ದೆವು ಅಂತ ಕೈ ಎತ್ತಿದರು.

ನಾನು ಆ ರೇಸ್ ನೋಡಿ ಅತ್ತೆ. ಗೆದ್ದವರಿಗಾಗಿ ಮಾತ್ರ ಅಲ್ಲ. ಕೈ ಎತ್ತಿದವರಿಗಾಗಿಯೂ. ಮುಂದೆ ಯಾರಿದ್ದಾರೆ ಅಂತ ಗೊತ್ತಿಲ್ಲದೆ ತುಳಿಯುವುದು ಹೇಗಿರುತ್ತದೆ ಅಂತ ನಮ್ಮಂಥ ಚಿಕ್ಕ ರೇಸಿನವರಿಗೆ ಚೆನ್ನಾಗಿ ಗೊತ್ತು. ನಮ್ಮಲ್ಲಿ ಯಾರಿಗೂ ರೇಡಿಯೊ ಇರುವುದಿಲ್ಲ. ತಿರುವಿನಲ್ಲಿ ನಿಂತವರು "ಇಪ್ಪತ್ತು ಸೆಕೆಂಡ್!" ಅಂತ ಕೂಗಿದರೆ ಅದೇ ಸುದ್ದಿ.

ಹಾಗಾಗಿ ರೇಸ್ ನೋಡಲು ಹೋದರೆ ನೀವೂ ಕೂಗಿ. ಎಣಿಸುವುದು ಸುಲಭ. ಒಂದು ಕಂಬ ಆರಿಸಿಕೊಳ್ಳಿ. ಮುಂದಿನವರು ದಾಟಿದಾಗ ಎಣಿಸಲು ಶುರು ಮಾಡಿ, ಹಿಂದಿನ ಗುಂಪು ಬಂದಾಗ ನಿಲ್ಲಿಸಿ. 40 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಅಂದರೆ ಸುಮಾರು 11 ಮೀಟರ್. ಮುಂದಿನ ಸುತ್ತಿನಲ್ಲಿ ಮತ್ತೆ ಎಣಿಸಿ. ಅಂತರ ಬೆಳೆಯುತ್ತಿದೆಯೋ ಕರಗುತ್ತಿದೆಯೋ ಗೊತ್ತಾಗುತ್ತದೆ. ಫ್ರಾನ್ಸಿನ ಟಿವಿ ವೀಕ್ಷಕ ವಿವರಣೆಕಾರ ರೋಬೆರ್ ಶಪಾತ್ ಹೆಸರಿನಲ್ಲಿ ಒಂದು ಹಳೆಯ ಲೆಕ್ಕ ಇದೆ. ಮನಸ್ಸು ಮಾಡಿದ ಗುಂಪು ಒಂಟಿ ಸವಾರರಿಂದ 10 ಕಿ.ಮೀ.ಗೆ ಒಂದು ನಿಮಿಷ ಕಿತ್ತುಕೊಳ್ಳುತ್ತದೆ ಅಂತ. ಚಿಕ್ಕ ರೇಸಿನಲ್ಲಿ ಅದು ಯಾವಾಗಲೂ ಸರಿ ಬರುವುದಿಲ್ಲ. ಆದರೂ ಕಂಬದ ಪಕ್ಕ ನಿಂತು ಆ ಲೆಕ್ಕ ಹಾಕುವಾಗ ಸಿಗುವ ಸಂತೋಷವೇ ಬೇರೆ.

ಎಲ್ಲಿ ನಿಲ್ಲಬೇಕು? ಎಲ್ಲರೂ ಕೊನೆಯ ಗೆರೆಯ ಹತ್ತಿರ ಗುಂಪು ಸೇರುತ್ತಾರೆ. ನನ್ನ ಮಾತು ಕೇಳಿದರೆ ಅಲ್ಲಿ ಬೇಡ. ಏರು ಇದ್ದರೆ ಏರಿನ ತುದಿಗೆ ಸ್ವಲ್ಪ ಮುಂಚೆ ನಿಲ್ಲಿ. ಅಲ್ಲಿ ವೇಗ 15ಕ್ಕೆ ಇಳಿಯುತ್ತದೆ, ಗಾಳಿ ಮರೆಯ ಲಾಭ ಬಹಳ ಕಮ್ಮಿ ಆಗುತ್ತದೆ, ಅವಿತುಕೊಳ್ಳಲು ಜಾಗ ಇರುವುದಿಲ್ಲ. ಮುಖ ಕಾಣುತ್ತದೆ, ಉಸಿರು ಕೇಳುತ್ತದೆ. ಬಾಯಿ ಮುಚ್ಚಿಕೊಂಡು ಹತ್ತುತ್ತಿರುವವರನ್ನು ಗುರುತಿಟ್ಟುಕೊಳ್ಳಿ. ಭುಜ ಅಲುಗಾಡುತ್ತಿದ್ದರೆ ಕಾಲು ಮುಗಿಯಿತು ಅಂತ ಅರ್ಥ. ಏರು ಇಲ್ಲದಿದ್ದರೆ ತಿರುವು ಮುಗಿಯುವ ಜಾಗ, ಮೊದಲೇ ಹೇಳಿದೆನಲ್ಲ.

ಸ್ಪ್ರಿಂಟ್, ಅಂದರೆ ಗೆರೆಗಾಗಿ ಕೊನೆಯಲ್ಲಿ ನಡೆಯುವ ಓಟ, ಬೇಡ ಅಂತ ಅಲ್ಲ. ಅದರ ಸೊಗಸು ಅದಕ್ಕೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಮಹಿಳೆಯರ ರೋಡ್ ರೇಸ್ ನಡೆಯಿತು. ಅಮೆರಿಕದ ಕಾನಿ ಕಾರ್ಪೆಂಟರ್, ತಮ್ಮದೇ ದೇಶದ ರೆಬೆಕಾ ಟ್ವಿಗ್ ಅವರನ್ನು ಅರ್ಧ ಗಾಲಿಗಿಂತ ಕಮ್ಮಿ ಅಂತರದಲ್ಲಿ ಸೋಲಿಸಿದರು. ಗೆರೆ ಬಂದಾಗ ತೋಳು ಚಾಚಿ, ಸೀಟಿನಿಂದ ಹಿಂದಕ್ಕೆ ಜಾರಿ, ಸೈಕಲ್ಲನ್ನು ಮುಂದಕ್ಕೆ ಎಸೆದ ಹಾಗೆ ತಳ್ಳಿದರು. ಗೆರೆಗೆ ಲೆಕ್ಕ ಮುಂದಿನ ಟೈರು, ಮನುಷ್ಯ ಅಲ್ಲ. ನಾವು ಈಗಲೂ ಎಂಟನೇ ಸ್ಥಾನಕ್ಕೋ ಹದಿನೆಂಟನೇ ಸ್ಥಾನಕ್ಕೋ ಹಾಗೆ ಸೈಕಲ್ ತಳ್ಳುತ್ತೇವೆ, ಮನಸ್ಸಿಟ್ಟು.

ಬಿದ್ದದ್ದರ ಬಗ್ಗೆಯೂ ಹೇಳಬೇಕು, ಮುಚ್ಚಿಡುವುದು ಸರಿ ಅಲ್ಲ. ಒಂದು ರೇಸಿನಲ್ಲಿ ನನ್ನ ಮುಂದಿನ ಗಾಲಿ, ಮುಂದಿನವರ ಹಿಂದಿನ ಗಾಲಿಯ ಪಕ್ಕಕ್ಕೆ ಸೇರಿಕೊಂಡಿತ್ತು. ಅದು ತಪ್ಪು, ನನಗೆ ಗೊತ್ತಿತ್ತು. ಅವರು ಗುಂಡಿ ತಪ್ಪಿಸಲು ಒಂದು ಅಂಗೈ ಅಗಲ ಸರಿದರು. ರಬ್ಬರಿಗೆ ರಬ್ಬರು ತಾಗಿ ಝಿರ್ ಅಂತು. ಅಷ್ಟೇ ಕೇಳಿದ್ದು. ಹೀಗಾದಾಗ ಸಾಮಾನ್ಯವಾಗಿ ಬೀಳುವುದು ಹಿಂದಿನವರು. ನಾನು ಬಿದ್ದೆ, ನನ್ನ ಹಿಂದಿದ್ದ ಇನ್ನಿಬ್ಬರೂ ಬಿದ್ದರು. ಮೊಣಕೈಯಿಂದ ಸೊಂಟದವರೆಗೆ ಚರ್ಮ ರಸ್ತೆಯ ಪಾಲಾಯಿತು. ಇಬ್ಬರಲ್ಲಿ ಒಬ್ಬರು ಎದ್ದು, ಚೈನ್ ಕೂಡ ನೋಡಿಕೊಳ್ಳದೆ ನನ್ನ ಹತ್ತಿರ ಬಂದು "ತಲೆಗೆ ಬಿತ್ತಾ?" ಅಂತ ಕೇಳಿದರು. ಅವರ ರೇಸ್ ಹಾಳು ಮಾಡಿದ್ದು ನಾನು. ಆ ಪ್ರಶ್ನೆ ನನಗೆ ಇವತ್ತಿಗೂ ಕೇಳಿಸುತ್ತದೆ. ಗುಂಪಿನಲ್ಲಿ ಗಾಲಿ ಎಲ್ಲಿಡುತ್ತೇನೆ ಅನ್ನುವುದನ್ನು ಆ ದಿನದಿಂದ ಹಗುರವಾಗಿ ತೆಗೆದುಕೊಂಡಿಲ್ಲ.

ಈಗ ವರ್ಷದಲ್ಲಿ ಕೆಲವು ರೇಸ್ ಓಡಿಸುತ್ತೇನೆ, ಕೆಲವಕ್ಕೆ ಬಾವುಟ ಹಿಡಿದು ತಿರುವಿನಲ್ಲಿ ನಿಲ್ಲುತ್ತೇನೆ. ಯಾರಾದರೂ ನಿಲ್ಲಲೇಬೇಕು, ಇಲ್ಲದಿದ್ದರೆ ರೇಸ್ ನಡೆಯುವುದಿಲ್ಲ. ಜೊತೆಗೆ ಅದಕ್ಕಿಂತ ಒಳ್ಳೆ ಜಾಗ ನೋಡುವವರಿಗೆ ಸಿಗುವುದಿಲ್ಲ.

ಹೋದ ಸಲ ಮಹಿಳೆಯರ ರೇಸಿಗೆ ನಿಂತಿದ್ದೆ. ಒಬ್ಬ ಹುಡುಗಿ ನಾಲ್ಕನೇ ಸುತ್ತಿಗೇ ಡ್ರಾಪ್ ಆದಳು. ಮೂರು ಸೈಕಲ್ ಉದ್ದ ಆಗುವುದನ್ನು ನಾನೇ ನೋಡಿದೆ. "ಹಿಡಿ, ಹಿಡಿ" ಅಂತ ಕೂಗಿದೆ, ಆಗಲಿಲ್ಲ. ಆಮೇಲೆ ಎಷ್ಟೋ ಸುತ್ತು ಒಬ್ಬಳೇ ಬಂದಳು, ತಲೆ ಬಗ್ಗಿಸಿಕೊಂಡು. ಗುಂಪು ಹಿಂದಿನಿಂದ ಬಂದು ದಾಟಿದ ಮೇಲೆ ಅವಳನ್ನು ಇಳಿಸಿದರು. ಅವಳು ಸೀದಾ ನನ್ನ ತಿರುವಿಗೆ ಬಂದು, ಸೈಕಲ್ಲನ್ನು ಸೊಂಟಕ್ಕೆ ಒರಗಿಸಿಕೊಂಡು ನಿಂತಳು. ಉಸಿರು ಇನ್ನೂ ಕೈಗೆ ಬಂದಿರಲಿಲ್ಲ. ಮೂರು ಸುತ್ತು ಏನೂ ಮಾತಾಡಲಿಲ್ಲ, ನೋಡಿದಳು.

ಆ ಕಡೆಯಿಂದ ಕೊನೆಯ ಸುತ್ತಿನ ಗಂಟೆ ಕೇಳಿತು. ಗುಂಪು ನಮ್ಮ ಮುಂದೆ ಹಾದುಹೋಯಿತು, ಚರಚರ, ಟಕ್ ಟಕ್, ಗಾಳಿ.

"ನೀಲಿ ಶೂ," ಅಂದಳು. "ಮೂರನೇ ಗಾಲಿ ಬಿಟ್ಟೇ ಇಲ್ಲ. ಅವಳೇ."

ಅಲ್ಲಿಂದ ಗೆರೆ ಕಾಣುವುದಿಲ್ಲ. ಕೂಗು ಮಾತ್ರ ಕೇಳಿತು. ಸ್ವಲ್ಪ ಹೊತ್ತಿಗೆ ಎಲ್ಲರೂ ನಿಧಾನವಾಗಿ, ಹ್ಯಾಂಡಲ್ ಮೇಲೆ ಮುಂಗೈ ಇಟ್ಟುಕೊಂಡು ಇನ್ನೊಂದು ಸುತ್ತು ಬಂದರು. ನೀಲಿ ಶೂ ಹಾಕಿದವಳನ್ನು ಇಬ್ಬರು ಎರಡೂ ಕಡೆಯಿಂದ ಬೆನ್ನು ತಟ್ಟುತ್ತಿದ್ದರು.

ಹುಡುಗಿ ಸೈಕಲ್ಲನ್ನು ನನ್ನ ಕೈಗೆ ಕೊಟ್ಟಳು. ರಸ್ತೆ ಖಾಲಿ ಆಗುವವರೆಗೆ ಕಾದು, ಶೂ ಟಕಟಕ ಅನ್ನಿಸುತ್ತಾ ತಿರುವಿನ ಒಳಕ್ಕೆ ನಡೆದು ಹೋದಳು. ಒಂದು ಜಾಗದಲ್ಲಿ ನಿಂತು, "ನಾನು ಇಲ್ಲಿ ಬ್ರೇಕ್ ಹಿಡಿತಿದ್ದೆ," ಅಂದಳು. ಆಮೇಲೆ ಆರೇಳು ಹೆಜ್ಜೆ ಮುಂದೆ ಹೋಗಿ, ಹೊರ ಅಂಚಿನಿಂದ ಒಳಗಿನವರೆಗೆ ಕಣ್ಣಲ್ಲೇ ಒಂದು ಗೆರೆ ಎಳೆದು, ಬಗ್ಗಿ ಆ ಟಾರನ್ನು ಬೆರಳಿನಿಂದ ಮುಟ್ಟಿ ನೋಡಿದಳು.